ಮರೆತವನ ಎದುರು ನಿಂತವನು: ಕೊರಿಯಾದ ಬಿಎಲ್ ಸರಣಿ ನೋಡುವವರಿಗೊಂದು ಕೈಪಿಡಿ

ಅಪಘಾತವಾಗಿದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಕಣ್ಣು ಬಿಟ್ಟವನು ಪಕ್ಕದಲ್ಲಿ ಕೂತವನನ್ನು ದಿಟ್ಟಿಸಿ ‘ನೀವು ಯಾರು?’ ಎಂದು ಕೇಳುತ್ತಾನೆ. ಕೊರಿಯಾದ ಧಾರಾವಾಹಿಗಳ ಹಳೆಯ ನೋಡುಗರು ಈ ದೃಶ್ಯ ಬಂದ ಕೂಡಲೇ ಎರಡು ಬಣವಾಗುತ್ತಾರೆ. ‘ಮತ್ತೆ ಅದೇ ಮರೆವಿನ ಕಥೆಯೇ!’ ಎಂದು ಬೇಸರಪಡುವವರು ಒಂದು ಕಡೆ, ಆಗಲೇ ಕಣ್ಣೊರೆಸಿಕೊಳ್ಳುವವರು ಇನ್ನೊಂದು ಕಡೆ. ಹಾಸಿಗೆಯಲ್ಲಿರುವವನೂ ಪಕ್ಕದಲ್ಲಿ ಕೂತವನೂ ಪ್ರೇಮಿಗಳಾಗಿದ್ದರೆ, ಅಂದರೆ ಅದು ಬಿಎಲ್ ಸರಣಿಯಾಗಿದ್ದರೆ, ವಾದ ಇನ್ನಷ್ಟು ಜೋರಾಗುತ್ತದೆ. ಯಾವ ಬಣಕ್ಕೂ ಇನ್ನೂ ಸೇರದ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಗಂಡುಹೆಣ್ಣಿನ ಕಥೆಯಲ್ಲಿ ಸವೆದುಹೋಗಿರುವ ಈ ಮರೆವಿನ ತಂತ್ರ, ಇಬ್ಬರು ಹುಡುಗರ ಪ್ರೇಮಕಥೆಗೆ ಬಂದಾಗ ಹೊಸ ಅರ್ಥ ಪಡೆಯುತ್ತದೆ. ಅದನ್ನು ನೋಡಲು ಕಣ್ಣನ್ನು ಸ್ವಲ್ಪ ಪಳಗಿಸಿಕೊಳ್ಳಬೇಕು, ಅಷ್ಟೆ.

ಬಿಎಲ್ ಎಂದರೆ ಬಾಯ್ಸ್ ಲವ್. ಇದರ ಬೇರು ಇರುವುದು ಜಪಾನಿನಲ್ಲಿ. 1970ರ ದಶಕದಲ್ಲಿ ಹಗಿಯೊ ಮೋಟೊ, ತಾಕೆಮಿಯಾ ಕೇಕೊ ಮುಂತಾದ ಲೇಖಕಿಯರು ಹುಡುಗಿಯರ ಪತ್ರಿಕೆಗಳಲ್ಲಿ ಹುಡುಗರಿಬ್ಬರ ಪ್ರೇಮದ ಚಿತ್ರಕಥೆಗಳನ್ನು ಬರೆದರು. ಹೆಂಗಸರು ಹೆಂಗಸರಿಗಾಗಿ ಕಟ್ಟಿದ ಲೋಕ ಅದು. ಕಳೆದ ದಶಕದಲ್ಲಿ ಥಾಯ್ಲೆಂಡಿನ ಟಿವಿ ಅದನ್ನು ದೊಡ್ಡ ಮಟ್ಟಕ್ಕೆ ಬೆಳೆಸಿತು. ಕೊರಿಯಾಕ್ಕೆ ಈ ಅಲೆ ಸರಣಿಯ ರೂಪದಲ್ಲಿ ಮುಟ್ಟಿದ್ದು 2020ರಲ್ಲಿ, ‘ವೇರ್ ಯುವರ್ ಐಸ್ ಲಿಂಗರ್’ ಮೂಲಕ. ಎಂಟೇ ಕಂತು, ಒಂದೊಂದೂ ಹತ್ತು ಹದಿನೈದು ನಿಮಿಷ. ಶ್ರೀಮಂತ ಮನೆಯ ಹುಡುಗ, ಬಾಲ್ಯದಿಂದ ಅವನ ಜೊತೆಗೇ ಬೆಳೆದ ಅಂಗರಕ್ಷಕ ಗೆಳೆಯ, ಇಷ್ಟೇ ಕಥೆ. ಇದನ್ನು ನಿರ್ದೇಶಿಸಿದ ಹ್ವಾಂಗ್ ದಾ-ಸುಲ್ ಮುಂದೆ ‘ಟು ಮೈ ಸ್ಟಾರ್’, ‘ಬ್ಲೂಮಿಂಗ್’ ಸರಣಿಗಳನ್ನೂ ಮಾಡಿದರು. 2022ರಲ್ಲಿ ವೆಬ್ ಕಾದಂಬರಿಯೊಂದನ್ನು ಆಧರಿಸಿದ ‘ಸೆಮ್ಯಾಂಟಿಕ್ ಎರರ್’ ಬಂದು ಮನೆಮಾತಾಯಿತು. ಅದೇ ವರ್ಷ ಅದನ್ನು ಸಿನಿಮಾ ರೂಪದಲ್ಲಿ ಥಿಯೇಟರುಗಳಿಗೂ ತಂದರು.

ಚಿಕ್ಕ ಕಂತುಗಳು, ಅವೂ ಕೆಲವೇ: ಗಾತ್ರದ ಈ ಮಿತಿಯನ್ನು ಹೊಸಬರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹದಿನಾರು ಗಂಟೆ ಓಡುವ ಕೊರಿಯನ್ ಧಾರಾವಾಹಿಗೆ ಒಗ್ಗಿದವರು ಇಲ್ಲಿಗೆ ಬಂದು ‘ಎಲ್ಲ ಅವಸರದಲ್ಲಿ ಮುಗಿದುಹೋಯಿತು’ ಎನ್ನುತ್ತಾರೆ. ಸಣ್ಣಕಥೆಯನ್ನು ಕಾದಂಬರಿಯ ಅಳತೆಗೋಲಿನಲ್ಲಿ ಅಳೆಯಬಾರದು. ಇಲ್ಲಿ ತಾಯಿ ಎರಡು ದೃಶ್ಯಗಳಲ್ಲಿ ಬಂದುಹೋಗುತ್ತಾಳೆ, ವೈದ್ಯರು ಒಂದೇ ದೃಶ್ಯದಲ್ಲಿ. ಉಳಿದ ಹೊತ್ತೆಲ್ಲ ಎರಡು ಮುಖಗಳು, ಒಂದು ಕೋಣೆ.

ಮರೆವಿನ ವ್ಯಾಕರಣವನ್ನು ಕಲಿಯಲು ಮಾತ್ರ ಹಿಂದಕ್ಕೆ ಹೋಗಬೇಕು. 2002ರಲ್ಲಿ ಕೆಬಿಎಸ್ ವಾಹಿನಿಯಲ್ಲಿ ಬಂದ ‘ವಿಂಟರ್ ಸೊನಾಟಾ’ ಇಪ್ಪತ್ತು ಕಂತುಗಳ ಧಾರಾವಾಹಿ. ಜಪಾನಿನಲ್ಲಿ ಕೊರಿಯನ್ ಕಥೆಗಳ ಹುಚ್ಚು ಹಿಡಿಸಿದ್ದು ಇದೇ. ಶಾಲೆಯ ದಿನಗಳಲ್ಲಿ ಪ್ರೇಮಿಸಿದ ಹುಡುಗ ಅಪಘಾತದಲ್ಲಿ ಸತ್ತನೆಂದು ಹುಡುಗಿ ನಂಬಿದ್ದಾಳೆ. ಹತ್ತು ವರ್ಷದ ಮೇಲೆ ಅದೇ ಮುಖದ, ಬೇರೆ ಹೆಸರಿನ ಗಂಡಸೊಬ್ಬ ಎದುರು ನಿಲ್ಲುತ್ತಾನೆ. ನೆನಪು ಕಳೆದುಕೊಂಡ ಮಗನಿಗೆ ತಾಯಿಯೇ ಬೇರೊಂದು ಹೆಸರು, ಬೇರೊಂದು ಬಾಲ್ಯ ಕಟ್ಟಿಕೊಟ್ಟಿರುತ್ತಾಳೆ. ಅಪಘಾತ, ಮರೆವು, ತಾಯಿಯ ಗುಟ್ಟು, ಮತ್ತೊಂದು ಅಪಘಾತ, ನೆನಪಿನ ಮರಳುವಿಕೆ: ಆಮೇಲೆ ಬಂದವರಿಗೆಲ್ಲ ಇದು ಸಿದ್ಧ ಚೌಕಟ್ಟಾಯಿತು. ಬೇಸರದ ಬಣದವರ ಬೇಸರಕ್ಕೆ ಕಾರಣವೂ ಇದೇ ಚೌಕಟ್ಟು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ.

ವೈದ್ಯಕೀಯ ಸತ್ಯವನ್ನು ಮುಂದಿಟ್ಟು ಆಕ್ಷೇಪಿಸುವವರೂ ಇದ್ದಾರೆ. ತಲೆಗೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ಮರೆಯುವುದು ಅಪಘಾತದ ಆಚೀಚಿನ ಸಮಯವನ್ನು. ಹೊಸದನ್ನು ನೆನಪಿಡುವುದು ಅವರಿಗೆ ಕಷ್ಟವಾಗುತ್ತದೆ. ತನ್ನ ಹೆಸರಿನಿಂದ ಹಿಡಿದು ಪ್ರೇಮಿಯವರೆಗೆ ಎಲ್ಲವೂ ಅಳಿಸಿಹೋಗುವುದು ತೀರ ಅಪರೂಪ. ಆದರೆ ಅದೇ ವಿಜ್ಞಾನವು ಕಥೆಗಾರರಿಗೆ ಬೆಲೆಬಾಳುವ ಒಂದು ಸಂಗತಿಯನ್ನೂ ಕೊಟ್ಟಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗಕ್ಕೆಂದು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿಂದಾಚೆಗೆ ಹೊಸ ನೆನಪು ಅವನಲ್ಲಿ ನಿಲ್ಲಲೇ ಇಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಅಭ್ಯಾಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ತಾನು ಹಿಂದೆ ಇದನ್ನು ಮಾಡಿದ್ದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮನಸ್ಸಿಗೆ ತಿಳಿಯದ್ದು ಕೈಗೆ ತಿಳಿದಿರುತ್ತದೆ. ಮರೆವಿನ ಸರಣಿಯಲ್ಲಿ ನಾಯಕ ಯೋಚಿಸದೆಯೇ ಇನ್ನೊಬ್ಬನ ತಟ್ಟೆಯಿಂದ ಈರುಳ್ಳಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡನೆಂದಿಟ್ಟುಕೊಳ್ಳಿ. ಆ ಕ್ಷಣದಲ್ಲಿ ಇಬ್ಬರ ಮುಖವನ್ನೂ ನೋಡಿ. ಇಂಥ ಸಣ್ಣ ಕೆಲಸಗಳಲ್ಲಿ ಒಳ್ಳೆಯ ಬರಹಗಾರ ಯಾರು, ಕೆಟ್ಟ ಬರಹಗಾರ ಯಾರು ಎನ್ನುವುದು ಗೊತ್ತಾಗಿಬಿಡುತ್ತದೆ. ಕೆಟ್ಟವನು ಹಿನ್ನೆಲೆ ಸಂಗೀತ ಏರಿಸಿ ಹಳೆಯ ದೃಶ್ಯ ತೋರಿಸುತ್ತಾನೆ. ಒಳ್ಳೆಯವನು ಈರುಳ್ಳಿ ತೋರಿಸಿ ಸುಮ್ಮನಾಗುತ್ತಾನೆ.

ಈಗ ಮುಖ್ಯ ಮಾತಿಗೆ ಬರೋಣ. ಆಸ್ಪತ್ರೆಯಲ್ಲಿ ಯಾರೇ ಆಗಲಿ ಮೊದಲು ಕೇಳುವುದು ‘ನೀವು ಇವರಿಗೆ ಏನಾಗಬೇಕು?’ ಎಂದು. ಕೊರಿಯಾದಲ್ಲಿ ರೋಗಿಯ ಪರವಾಗಿ ರುಜು ಹಾಕುವ, ರಾತ್ರಿ ಪಕ್ಕದ ಪುಟ್ಟ ಮಂಚದ ಮೇಲೆ ಮಲಗುವ ಆಪ್ತನನ್ನು ‘ಬೊಹೊಜಾ’ ಎನ್ನುತ್ತಾರೆ. ಹೆಂಡತಿಯಾದರೆ ಹೆಂಡತಿ ಎನ್ನುತ್ತಾಳೆ. ಗಂಡನಿಗೆ ನೆನಪಿಲ್ಲದಿದ್ದರೂ ಮದುವೆಯ ಫೋಟೊ ಇದೆ, ಸರ್ಕಾರಿ ದಾಖಲೆ ಇದೆ, ಅತ್ತೆ ಮಾವಂದಿರ ಸಾಕ್ಷಿ ಇದೆ. ಇಬ್ಬರು ಗಂಡಸರ ಪ್ರೇಮಕ್ಕೆ ಅಲ್ಲಿ ಇವೊಂದೂ ಇಲ್ಲ. ದಕ್ಷಿಣ ಕೊರಿಯಾದಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮನ್ನಣೆಯಿಲ್ಲ. ಸಲಿಂಗ ಸಂಗಾತಿಯೊಬ್ಬನನ್ನು ರಾಷ್ಟ್ರೀಯ ಆರೋಗ್ಯ ವಿಮೆಯಲ್ಲಿ ಅವಲಂಬಿತನೆಂದು ಒಪ್ಪಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈ 18ರಂದು. ಅಷ್ಟಕ್ಕೇ ಅದು ಚಾರಿತ್ರಿಕ ತೀರ್ಪೆನಿಸಿಕೊಂಡಿತು. ಮನೆಯವರಿಗೆ ಹೇಳಿಲ್ಲ, ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಅವರ ಸಂಬಂಧ ದಾಖಲಾಗಿರುವುದು ಎರಡೇ ತಲೆಗಳಲ್ಲಿ. ಒಂದು ತಲೆ ಮರೆತರೆ, ಉಳಿದವನ ಪಾಲಿಗೆ ತನ್ನ ಬಾಳು ನಡೆದೇ ಇಲ್ಲವೇನೋ ಎನ್ನಿಸಿಬಿಡುತ್ತದೆ.

ನಮ್ಮ ರಸಿಕರಿಗೆ ಈ ಸಂಕಟ ಹೊಸದಲ್ಲ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲದ ಐದನೆಯ ಅಂಕವನ್ನು ನೆನೆಯಿರಿ. ಗಾಂಧರ್ವ ವಿವಾಹಕ್ಕೆ ಸಾಕ್ಷಿಗಳಿಲ್ಲ, ಉಂಗುರ ನೀರುಪಾಲಾಗಿದೆ. ಶಕುಂತಲೆ ತನ್ನಲ್ಲಿ ಉಳಿದ ಒಂದೇ ಆಧಾರವನ್ನು ಮುಂದಿಡುತ್ತಾಳೆ: ರಾಜನ ಕೈಯಿಂದ ನೀರು ಕುಡಿಯಲೊಲ್ಲದ ಜಿಂಕೆಮರಿ ತನ್ನ ಕೈಯಿಂದ ಕುಡಿದ ಕಥೆ. ಇಬ್ಬರಿಗಷ್ಟೇ ಗೊತ್ತಿದ್ದ ಆ ಸಣ್ಣ ಸಂಗತಿ, ತುಂಬಿದ ಸಭೆಯಲ್ಲಿ ಕಟ್ಟುಕಥೆಯಂತೆ ಕೇಳಿಸುತ್ತದೆ. ಬಿಎಲ್ ಸರಣಿಯ ಪ್ರೇಮಿಯೂ ನಿಂತಿರುವುದು ಅದೇ ಸ್ಥಾನದಲ್ಲಿ. ಹಾಗಾಗಿ ಮರೆತವನಿಗಿಂತ ನೆನಪಿರುವವನನ್ನು ಹೆಚ್ಚು ಗಮನಿಸಿ. ನಟನೆಯ ಭಾರವೆಲ್ಲ ಅವನ ಮೇಲಿರುತ್ತದೆ. ಪ್ರಿಯ ಎದುರಿಗೇ ಇದ್ದಾನೆ, ಉಸಿರಾಡುತ್ತಿದ್ದಾನೆ, ಆದರೂ ಇಲ್ಲ. ವಿಪ್ರಲಂಭದಲ್ಲಿ, ಅಂದರೆ ಅಗಲಿಕೆಯ ಶೃಂಗಾರದಲ್ಲಿ, ಇಷ್ಟು ಕಠಿಣವಾದದ್ದು ಬೇರೆ ಉಂಟೆ?

ಮರೆತವನ ಕಡೆಗೂ ಒಂದು ಸೂಕ್ಷ್ಮವಿದೆ. ಅದನ್ನು ಬಹಳ ಮಂದಿ ನೋಡುಗರು ದಾಟಿಹೋಗುತ್ತಾರೆ. ಐದು ವರ್ಷದ ನೆನಪು ಹೋಯಿತೆಂದರೆ ಪ್ರೇಮಿ ಮಾತ್ರ ಹೋದನೆಂದಲ್ಲ. ‘ನಾನು ಇಂಥವನು’ ಎಂದು ಒಪ್ಪಿಕೊಳ್ಳಲು ಪಟ್ಟ ಪಾಡೂ ಅದರ ಜೊತೆಗೆ ಹೋಯಿತು. ಅವನು ಮತ್ತೆ ಹೆದರಿದ ಹುಡುಗನಾಗುತ್ತಾನೆ. ವಸುಧೇಂದ್ರರ ‘ಮೋಹನಸ್ವಾಮಿ’ಯನ್ನು ಓದಿದವರಿಗೆ ಆ ಒಪ್ಪಿಗೆಗೆ ತೆರಬೇಕಾದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ದಾರಿಯನ್ನು ಒಬ್ಬ ಎರಡನೆಯ ಸಲ, ಮೊದಲಿನಿಂದ ನಡೆಯಬೇಕು. ಇದನ್ನು ಗುರುತಿಸಿದ ಸರಣಿ ನನ್ನ ಮಟ್ಟಿಗೆ ಅರ್ಧ ಗೆದ್ದಂತೆ. ಗುರುತಿಸದೆ, ನೆನಪು ಕಳೆದುಕೊಂಡವನು ಮೂರನೆಯ ದಿನವೇ ನಾಚುತ್ತ ಮುಗುಳ್ನಕ್ಕರೆ, ಅಲ್ಲಿ ಮರೆವು ಬರೀ ಅಲಂಕಾರ.

ಇನ್ನು ಕಿವಿಗೆ ಕೆಲಸ. ಕೊರಿಯನ್ ಬಾರದಿದ್ದರೂ ಒಂದನ್ನು ಕೇಳಿಸಿಕೊಳ್ಳಬಹುದು: ಅಪರಿಚಿತರೊಡನೆ ಮರ್ಯಾದೆಯಿಂದ ಆಡುವ ಮಾತುಗಳು ಹೆಚ್ಚಾಗಿ ‘ಯೊ’ ಎಂದು ಮುಗಿಯುತ್ತವೆ, ಸಲುಗೆಯ ಮಾತಿನಲ್ಲಿ ಆ ‘ಯೊ’ ಬಿದ್ದುಹೋಗುತ್ತದೆ. ಎಚ್ಚರಗೊಂಡವನು ‘ನುಗುಸೆಯೊ?’ ಎಂದಾಗ ನಿನ್ನೆಯವರೆಗೆ ‘ನೀನು’ ಆಗಿದ್ದವನು ‘ನೀವು’ ಆಗಿದ್ದಾನೆ. ಇಂಗ್ಲಿಷ್ ಅಡಿಬರಹ ಇದನ್ನು ನುಂಗಿಬಿಡುತ್ತದೆ. ನೀನು, ನೀವುಗಳ ನಡುವೆಯೇ ಬದುಕುವ ನಮಗೆ ಅದು ತಟ್ಟನೆ ಎದೆಗೆ ತಾಕುತ್ತದೆ. ಆಮೇಲೆ ಕಂತಿನಿಂದ ಕಂತಿಗೆ ಆ ‘ಯೊ’ ಯಾವಾಗ ಸಡಿಲವಾಗುತ್ತದೆ, ದೊಡ್ಡವನನ್ನು ಚಿಕ್ಕವನು ಯಾವಾಗ ‘ಹ್ಯೋಂಗ್’ ಎಂದು ಕರೆಯುತ್ತಾನೆ ಎಂದು ಕಾಯಿರಿ. ‘ಅಣ್ಣ’ ಎಂಬರ್ಥದ ಆ ಕರೆ ಅಲ್ಲಿ ಪ್ರೇಮಿಗಳ ನಡುವೆಯೂ ಸಲ್ಲುತ್ತದೆ. ಮುತ್ತಿನ ದೃಶ್ಯಕ್ಕಿಂತ ಅದು ಹೆಚ್ಚು ಹೇಳುವುದುಂಟು.

ನೋಡುಗರ ದೊಡ್ಡ ಜಗಳ ಇರುವುದು ಮರೆಮಾಚುವಿಕೆಯ ಬಗ್ಗೆ. ನೆನಪಿರುವವನು ‘ನಾನು ನಿನ್ನ ಪ್ರೇಮಿ’ ಎನ್ನದೆ ‘ಗೆಳೆಯ’ ಎಂದೋ ‘ರೂಮ್‌ಮೇಟ್’ ಎಂದೋ ಪರಿಚಯಿಸಿಕೊಳ್ಳುತ್ತಾನೆ. ಕೆಲವರಿಗೆ ಅದು ತ್ಯಾಗ, ಕೆಲವರಿಗೆ ಮೋಸ. ನಾನು ಎರಡನ್ನೂ ಬೇರೆ ಮಾಡಿ ನೋಡುತ್ತೇನೆ. ‘ನಾನು ನಿನ್ನ ಪ್ರೇಮಿ’ ಎಂದರೆ ಮರೆತವನಿಗೆ ತಾನು ಯಾರೆಂಬುದನ್ನೂ ಹೇಳಿದಂತೆ. ಅದೂ ಅವನ ತಾಯಿ ಎದುರಿಗಿರುವಾಗ. ಹಾಗೆ ಬಾಯಿ ಕಟ್ಟಿಕೊಂಡವನ ಮೌನಕ್ಕೆ ಗೌರವ ಸಲ್ಲಬೇಕು. ಆದರೆ ಹಿಂದೆ ಆದ ಜಗಳ, ತಾನು ಮಾಡಿದ ತಪ್ಪು, ಮುರಿದುಬಿದ್ದಿದ್ದ ಸಂಬಂಧ ಇವನ್ನೆಲ್ಲ ಅಳಿಸಿ, ತನಗೆ ಬೇಕಾದ ಭೂತಕಾಲವನ್ನು ಅವನ ತಲೆಗೆ ತುಂಬಿದರೆ ಅದು ವಂಚನೆಯೇ. ಅಂಥದ್ದನ್ನು ಮಧುರ ಪ್ರೇಮವೆಂದು ತೋರಿಸುವ ಸರಣಿಯನ್ನು, ನಟರು ಎಷ್ಟೇ ಚೆಲುವರಾಗಿರಲಿ, ನಾನು ಮೆಚ್ಚಲಾರೆ.

ಎರಡನೆಯ ಜಗಳ, ನೆನಪು ಮರಳಬೇಕೆ ಬೇಡವೆ ಎನ್ನುವುದು. ಬಾಲು ಮಹೇಂದ್ರರ 1982ರ ‘ಮೂಂಡ್ರಾಂ ಪಿರೈ’, ಹಿಂದಿಯ ‘ಸದ್ಮಾ’, ನಮ್ಮಲ್ಲಿ ಬಹಳ ಜನ ನೋಡಿರುವ ಚಿತ್ರ. ಅಲ್ಲಿ ನೆನಪು ಮರಳುವುದೇ ದುರಂತ: ಹುಡುಗಿ ಗುಣವಾದಳು, ಆರೈಕೆ ಮಾಡಿದವನನ್ನು ಮರೆತಳು. ಕೊರಿಯಾದ ಪ್ರೇಮಕಥೆಗಳು ಸಾಮಾನ್ಯವಾಗಿ ಅಷ್ಟು ನಿಷ್ಠುರವಲ್ಲ. ನೆನಪಿನ ಮರಳುವಿಕೆಯನ್ನು ಬಹುಮಾನದಂತೆ ಕೊನೆಯಲ್ಲಿ ಕೈಗಿಡುತ್ತವೆ. ನನ್ನ ರುಚಿಗೆ ಹಿಡಿಸುವುದು, ಎರಡನೆಯ ಪ್ರೇಮಕ್ಕೆ ಮೊದಲನೆಯದರಷ್ಟೇ ದೃಶ್ಯಗಳನ್ನು ಕೊಟ್ಟ ಕಥೆ. ಹಳೆಯದು ಮರಳಿ ಬಾರದಿದ್ದರೂ ಇವರಿಬ್ಬರು ಜೊತೆಯಾಗಿ ಬಾಳುತ್ತಿದ್ದರು ಎಂಬ ನಂಬಿಕೆ ಹುಟ್ಟಬೇಕು. ಕೊನೆಯ ಕಂತಿನ ಹತ್ತು ನಿಮಿಷದಲ್ಲಿ ಎಲ್ಲ ಫಕ್ಕನೆ ನೆನಪಾಗಿ ಅಪ್ಪಿಕೊಂಡರೆ ಸಿಟ್ಟಾಗುವ ನೋಡುಗರ ಪರ ನಾನಿದ್ದೇನೆ.

ಎಲ್ಲಿಂದ ಶುರು ಮಾಡುವುದು? ನೇರವಾಗಿ ಮರೆವಿನ ಕಥೆಗೆ ಹೋಗಬೇಡಿ. ‘ವೇರ್ ಯುವರ್ ಐಸ್ ಲಿಂಗರ್’ ನೋಡಿ. ನೋಟವನ್ನು ಓದುವುದು ಅಲ್ಲಿ ಅಭ್ಯಾಸವಾಗುತ್ತದೆ. ಆಮೇಲೆ ‘ಸೆಮ್ಯಾಂಟಿಕ್ ಎರರ್’. ಗುಂಪಿನ ಪ್ರಾಜೆಕ್ಟಿನಲ್ಲಿ ಕೆಲಸ ಮಾಡದವರ ಹೆಸರನ್ನು ಮುಲಾಜಿಲ್ಲದೆ ಕಿತ್ತುಹಾಕುವ ಹುಡುಗನ ಈ ಕಥೆ ಹಗುರಾಗಿದೆ, ಜಾಣತನದಿಂದ ಕೂಡಿದೆ. 2023ರ ‘ದಿ ಏಯ್ತ್ ಸೆನ್ಸ್’ ಇವೆರಡಕ್ಕಿಂತ ಆಳದ್ದು. ಅದರಲ್ಲಿ ಸೇನೆಯ ಸೇವೆ ಮುಗಿಸಿ ಕಾಲೇಜಿಗೆ ಮರಳಿದ ಜೆ-ವೊನ್‌ಗೆ ಮರೆಯಲಾಗದಿರುವುದೇ ಕಾಯಿಲೆ. ಆಪ್ತಸಮಾಲೋಚಕರ ಮುಂದೆ ಅವನು ಕೂರುವ ದೃಶ್ಯಗಳನ್ನು ತಾಳ್ಮೆಯಿಂದ ನೋಡಿ. ಮರೆಯಲಾಗದವನ ಪಾಡು ತಿಳಿದ ಮೇಲೆ ಮರೆತವನ ಕಥೆ ಬೇರೆಯಾಗಿಯೇ ಕಾಣುತ್ತದೆ. ನಡುವೆ ಎಲ್ಲಾದರೂ ‘ವಿಂಟರ್ ಸೊನಾಟಾ’ದ ಮೊದಲ ಕೆಲವು ಕಂತುಗಳಿಗೆ ಬಿಡುವು ಮಾಡಿಕೊಳ್ಳಿ.

ಸರಣಿ ಮುಗಿಯುವ ಮೊದಲು ಇತರರ ಅಭಿಪ್ರಾಯ ಓದಬೇಡಿ. ಮುಗಿದ ಮೇಲೆ ಮೊದಲ ಕಂತನ್ನು ಇನ್ನೊಮ್ಮೆ ನೋಡಿ, ಆಮೇಲೆ ನಿಮ್ಮ ಅಭಿಪ್ರಾಯ ಬರೆಯಿರಿ. ಅದನ್ನು ಕನ್ನಡದಲ್ಲೇ ಬರೆಯಿರಿ. ಈ ಕಥೆಗಳನ್ನು ಕದ್ದುಮುಚ್ಚಿ ನೋಡುವ ಹುಡುಗರು, ಹುಡುಗಿಯರು ನಮ್ಮೂರುಗಳಲ್ಲೂ ಇದ್ದಾರೆ. ಅವರಿಗೆ ತಮ್ಮ ನುಡಿಯಲ್ಲಿ ಓದಲು ಏನಾದರೂ ಸಿಗಲಿ.