ಶೋಕದ ಚಿತ್ರಕ್ಕೆ ಎಷ್ಟು ಬಣ್ಣ?

2012ರ ನವೆಂಬರ್ 20ರಂದು ಗಾಝಾ ನಗರದ ಇಕ್ಕಟ್ಟಾದ ಓಣಿಯಲ್ಲಿ ಸ್ವೀಡನ್ನಿನ ಛಾಯಾಗ್ರಾಹಕ ಪಾಲ್ ಹ್ಯಾನ್ಸನ್ ತೆಗೆದ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಇಸ್ರೇಲಿನ ದಾಳಿಯಲ್ಲಿ ಮಡಿದ ಎರಡು ಮತ್ತು ಮೂರು ವರ್ಷದ ಇಬ್ಬರು ಕಂದಮ್ಮಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬಂಧುಗಳು ಮಸೀದಿಗೆ ಹೊತ್ತೊಯ್ಯುತ್ತಿದ್ದಾರೆ. ಹಿಂದೆ ತಂದೆಯ ಮೃತದೇಹ. 2013ರ ಫೆಬ್ರವರಿಯಲ್ಲಿ ಇದಕ್ಕೆ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆಯ ವರ್ಷದ ಚಿತ್ರ ಪ್ರಶಸ್ತಿ ಬಂತು.

ಅದೇ ಮೇ ತಿಂಗಳಲ್ಲಿ ಆರೋಪವೂ ಬಂತು. ಇದು ಹಲವು ಚಿತ್ರಗಳನ್ನು ಜೋಡಿಸಿ ಮಾಡಿದ್ದು ಎಂದರು. ಸಂಸ್ಥೆ ತಜ್ಞರಿಂದ ಮೂಲ ಫೈಲನ್ನು ಪರೀಕ್ಷಿಸಿತು. ಜೋಡಣೆ ನಡೆದಿಲ್ಲ, ಬಣ್ಣ ಮತ್ತು ನೆರಳು-ಬೆಳಕನ್ನಷ್ಟೇ ತಿದ್ದಲಾಗಿದೆ ಎಂದು ತಜ್ಞರು ಹೇಳಿದರು. ಆರೋಪ ಸುಳ್ಳಾಯಿತು. ಆದರೆ ಅಲ್ಲಿಗೆ ಪ್ರಶ್ನೆ ಮುಗಿಯಿತೇ?

ತಿದ್ದುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಕ್ಯಾಮೆರಾದ ರಾ ಫೈಲು ಅರೆಬೆಂದ ಅನ್ನದಂತೆ. ಅದಕ್ಕೆ ಬಣ್ಣದ ಹದ ಕೊಡಲೇಬೇಕು. ಹಿಂದೆ ಕತ್ತಲೆಕೋಣೆಯಲ್ಲೂ ಇದು ನಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ನಮ್ಮದೇ ಅಂಗಳದ ಚಿತ್ರವೊಂದರ ಬಣ್ಣ ಇಳಿಸಿ, ಕಾಂಟ್ರಾಸ್ಟ್ ಏರಿಸಿ ನೋಡಿದೆವು. ನಡುಮಧ್ಯಾಹ್ನದ ಅಂಗಳ ಸಂಜೆಯ ಸೂತಕದ ಮನೆಯಂತಾಯಿತು. ಒಂದು ಕಲ್ಲನ್ನೂ ನಾವು ಸೇರಿಸಿರಲಿಲ್ಲ, ತೆಗೆದಿರಲೂ ಇಲ್ಲ. ಬಣ್ಣದ ಶಕ್ತಿ ಅಷ್ಟಿದೆ.

ಆ ಶಕ್ತಿಯಿಂದ ಅನ್ಯಾಯವೂ ಆಗಿದೆ. 1994ರ ಜೂನ್ 27ರ ಟೈಮ್ ಪತ್ರಿಕೆ ತನ್ನ ಮುಖಪುಟದಲ್ಲಿ ಕೊಲೆ ಆರೋಪಿ ಒ.ಜೆ. ಸಿಂಪ್ಸನ್ನರ ಪೊಲೀಸ್ ಫೋಟೋವನ್ನು ಕಪ್ಪಾಗಿಸಿ ಅಚ್ಚು ಹಾಕಿತು. ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೋವನ್ನು ತಿದ್ದದೆ ಪ್ರಕಟಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಪ್ಪು ಮನುಷ್ಯನ ಬಗೆಗಿನ ಹಳೆಯ ಭಯ ಎಲ್ಲಿ ಅಡಗಿದೆಯೆಂದು ಕಂಡಿತು.

ಹ್ಯಾನ್ಸನ್ ಮಾಡಿದ್ದು ಅಂಥ ಕೆಲಸವಲ್ಲ. ಅವರ ಚಿತ್ರ ಮೃತರ ಪರವಾಗಿ ಸಾಕ್ಷಿ ನುಡಿಯುತ್ತದೆ. ಆದರೂ ಪ್ರಶಸ್ತಿ ಪಡೆದ ಪ್ರತಿಯಲ್ಲಿ ಗೋಡೆಗಳ ಬಣ್ಣ ಮಾಸಿ, ಮುಖಗಳು ಸಿನಿಮಾ ಪೋಸ್ಟರಿನಂತೆ ಹೊಳೆಯುತ್ತವೆ. ಈ ಅತಿಯಾದ ಅಂದವೇ ಸಂಶಯಕ್ಕೆ ಬಾಗಿಲು ತೆರೆಯಿತು. ಮಕ್ಕಳನ್ನು ಕೊಂದವರು ಯಾರು ಎಂದು ಕೇಳಬೇಕಾದ ಜನ ಯಾವ ಸಾಫ್ಟ್‌ವೇರ್ ಎಂದು ಕೇಳತೊಡಗಿದರು. ಸುಳ್ಳು ಆರೋಪ ಹೊರಿಸಿದವರ ತಪ್ಪು ದೊಡ್ಡದು, ನಿಜ. ಆದರೆ ದುರ್ಬಲರ ಪರ ಸಾಕ್ಷಿ ಹೇಳುವವನು ತನ್ನ ಮಾತಿನಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಬರದಂತೆ ಎಚ್ಚರವಹಿಸಬೇಕಲ್ಲವೇ?

2014ರ ಸ್ಪರ್ಧೆಯಿಂದ ಅಂತಿಮ ಸುತ್ತಿನವರು ಮೂಲ ಫೈಲನ್ನು ಒಪ್ಪಿಸಬೇಕೆಂಬ ನಿಯಮ ಬಂತು. ಒಳ್ಳೆಯದೇ. ಸೇರಿಸಿದ್ದು, ಅಳಿಸಿದ್ದು ಅದರಿಂದ ಸಿಕ್ಕಿಬೀಳುತ್ತದೆ. ಆದರೆ ಬಣ್ಣವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾವ ಫೈಲೂ ಹೇಳದು. ಅದನ್ನು ತಿದ್ದುವವನ ಆತ್ಮಸಾಕ್ಷಿಯೇ ಹೇಳಬೇಕು. ಆ ಮಕ್ಕಳಿಗೆ ಸುತ್ತಿದ ಬಿಳಿ ಬಟ್ಟೆ ಇನ್ನಷ್ಟು ಬೆಳ್ಳಗಾಗಬೇಕಿರಲಿಲ್ಲ.