ಪ್ರೀಪೋನ್ ಮಾಡಿದ್ರೆ ತಪ್ಪೇನು?

ಮೀಟಿಂಗ್ ‘ಪ್ರೀಪೋನ್’ ಆಗಿದೆ ಅಂದರೆ ಸಾಕು, ನಮ್ಮ ಆಫೀಸಿನಲ್ಲಿ ಯಾರಾದರೂ ತಿದ್ದುತ್ತಾರೆ: ಅದು ಇಂಗ್ಲಿಷೇ ಅಲ್ಲ, ಇಂಡಿಯನ್ನರು ಹುಟ್ಟಿಸಿದ್ದು, ‘ಮೂವ್ಡ್ ಫಾರ್ವರ್ಡ್’ ಅನ್ನಿ. ಈ ತಿದ್ದುಪಡಿಯೇ ಅರೆಬೆಂದದ್ದು. 1913ರಲ್ಲೇ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದವರೊಬ್ಬರು ‘ಪೋಸ್ಟ್‌ಪೋನ್’ಗೆ ಜೋಡಿಯಾಗಿ ಈ ಪದ ಕಟ್ಟಿದ್ದರು. ಅಲ್ಲಿ ಚಲಾವಣೆಯಾಗಲಿಲ್ಲ, ಇಲ್ಲಿ ಆಯ್ತು, ಅಷ್ಟೇ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ.

ನನ್ನ ತಕರಾರು ಆ ‘ಫಾರ್ವರ್ಡ್’ ಮೇಲೆ. ನಮ್ಮ ಔರಾದ ಕಡೆ ‘ಲಗ್ನ ಮುಂದ ಹೋಗ್ಯಾದ’ ಅಂದ್ರ ತಡ ಆಯ್ತು ಅಂತ. ಪಕ್ಕದ ಮನೆಯ ಮರಾಠಿಯ ‘ಪುಢೆ ಢಕಲಣೆ’ಯೂ ಅದೇ, ಪೇಪರಿನ ‘ಪರೀಕ್ಷೆ ಮುಂದೂಡಿಕೆ’ಯೂ ಅದೇ. ಇಂಗ್ಲಿಷ್ ಮನೆಮಾತಿನವರೇ ಇಲ್ಲಿ ಎಡವುತ್ತಾರೆ: ಬುಧವಾರದ ಮೀಟಿಂಗ್ ಎರಡು ದಿನ ಫಾರ್ವರ್ಡ್ ಅಂದರೆ ಕೆಲವರಿಗೆ ಸೋಮವಾರ, ಕೆಲವರಿಗೆ ಶುಕ್ರವಾರ. ಮನಃಶಾಸ್ತ್ರದವರು ಇದನ್ನೇ ಕೇಳಿ ಕೇಳಿ ಪ್ರಯೋಗ ಮಾಡಿದ್ದಾರೆ.

‘ಪ್ರೀಪೋನ್’ಗೆ ಈ ಇಬ್ಬಂದಿ ಇಲ್ಲ. ಕನ್ನಡದಲ್ಲಾದರೆ ‘ಎರಡು ದಿನ ಮೊದ್ಲೇ ಇಟ್ಕೊಳ್ಳೋಣ’ ಅಂತ ಬಿಡಿಸಿ ಹೇಳಬೇಕು. ಇಲ್ಲಿ ಒಂದೇ ಪದ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿಗೆ ಇಂಟರ್‌ವ್ಯೂ ‘ಮೂವ್ಡ್ ಫಾರ್ವರ್ಡ್’ ಅಂತ ಮೇಲ್ ಬಂದರೆ ಇನ್ನೂ ಟೈಮ್ ಇದೆ ಅಂದುಕೊಂಡು ಊರಲ್ಲೇ ಉಳಿಯಬಹುದು. ‘ಪ್ರೀಪೋನ್ಡ್’ ಅಂತ ಬಂದರೆ ಅವತ್ತೇ ರಾತ್ರಿ ಬೆಂಗಳೂರು ಬಸ್ ಹತ್ತುತ್ತಾಳೆ.