ಗುಂಡು ಬಲ್ಬಿನ ಬಿಸಿಗೆ ಲೆಕ್ಕವಿಲ್ಲ

2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ಮನೆಮನೆಗೆ ತಲುಪಿಸಿತು. ಬೆಳಕಿನ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಕೆಲಸ. 60 ವ್ಯಾಟಿನ ಗುಂಡು ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಹಾಕಿ, ಊರುಗಳನ್ನೇ ಮುಳುಗಿಸಿ ತೆಗೆದ ಕರೆಂಟಿನ ಬೆಲೆಯನ್ನು ಸಿದ್ದಾಪುರ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಯೋಜನೆ ಬಲ್ಬನ್ನು ಬೆಳಕಿನಿಂದ ಮಾತ್ರ ಅಳೆಯಿತು. ಗುಂಡು ಬಲ್ಬಿಗೆ ಹೋಗುವ ಕರೆಂಟಿನಲ್ಲಿ ಬೆಳಕಾಗುವುದು ನೂರಕ್ಕೆ ಐದರಷ್ಟು, ಉಳಿದದ್ದೆಲ್ಲ ಬಿಸಿ. ಲೆಕ್ಕದ ಪುಸ್ತಕದಲ್ಲಿ ಆ ಬಿಸಿ ಬರೀ ನಷ್ಟ. ಆಷಾಢದ ಮಳೆ ಹಿಡಿದು ಕೂತಾಗ ಸಿದ್ದಾಪುರ ಸೀಮೆಯ ತ್ಯಾಗಲಿಯಂಥ ಊರಿನ ಕಪಾಟಿನಲ್ಲಿ ಅದೇ ಬಿಸಿ ದುಡಿಯುತ್ತದೆ. ಕೆಳಗಿನ ಖಾನೆಯಲ್ಲಿ ಒಂದು ಜೀರೋ ಬಲ್ಬು, ಅದರಿಂದ ಗೇಣು ಮೇಲೆ ಹಲಗೆ, ಹಲಗೆಯ ಮೇಲೆ ಹಲಸಿನ ಹಪ್ಪಳದ ಡಬ್ಬಿ, ಜಮೀನಿನ ಕಾಗದ, ರೇಷ್ಮೆ ಸೀರೆ. ಯಾವುದಕ್ಕೂ ಬೂಷ್ಟು ಹಿಡಿಯುವುದಿಲ್ಲ. ಬುಟ್ಟಿಯ ಮೇಲೆ ತೂಗುಬಿಟ್ಟ 60ರ ಬಲ್ಬು ಕೋಳಿಮರಿಗಳಿಗೆ ಮೊದಲ ವಾರ ಬೇಕಾದ 35 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಕೊಡುತ್ತದೆ. ಎಲ್‌ಇಡಿ ಹಾಕಿದರೆ ಮರಿಗಳಿಗೆ ಬೆಳಕು ಸಿಕ್ಕೀತು, ಬಿಸಿ ಸಿಗದು. ವೋಲ್ಟೇಜು ಬಿದ್ದದ್ದೂ ಈ ಬಲ್ಬಿನಲ್ಲೇ ಗೊತ್ತಾಗುತ್ತಿತ್ತು: ತಂತಿ ಕೆಂಪಗೆ ಕಂಡರೆ ತೋಟದ ಪಂಪು ಹಾಕುತ್ತಿರಲಿಲ್ಲ. ಎಲ್‌ಇಡಿ ಕಡಿಮೆ ವೋಲ್ಟೇಜಿಗೂ ಅದೇ ಬೆಳಕು ಕೊಡುವುದರಿಂದ ಆ ಸೂಚನೆ ತಪ್ಪಿಹೋಯಿತು.

ಇದನ್ನೆಲ್ಲ ಹೇಳುವಾಗ ಹಳೆಯದೆಂಬ ಪ್ರೀತಿಗೆ ಲೆಕ್ಕ ಮರೆಯಬಾರದು. ಹೆಸರಿಗೆ ಜೀರೋ ಆದರೂ ಆ ಬಲ್ಬು ಸುಮಾರು 15 ವ್ಯಾಟು ತಿನ್ನುತ್ತದೆ. ಹಗಲೂ ರಾತ್ರಿ ಉರಿದರೆ ತಿಂಗಳಿಗೆ 10.8 ಯೂನಿಟ್, ಅಂದರೆ ಸಂಜೆ ಮಾತ್ರ ಹಚ್ಚುವ 60ರ ಬಲ್ಬಿಗಿಂತ ಹೆಚ್ಚು. ರಾತ್ರಿ ನಾಲ್ಕು ತಾಸು ಹಚ್ಚಿದರೆ ಎರಡು ಯೂನಿಟ್ಟಿಗೂ ಕಡಿಮೆ. ಬಟ್ಟೆ ತಾಗಿದರೆ ಸುಡುತ್ತದೆ ಎಂಬ ಭಯವೂ ಇದೆ. ಸುತ್ತ ತಂತಿಯ ಬಲೆ ಇರಲೇಬೇಕು.

ಯುರೋಪಿನಲ್ಲಿ 2009ರಿಂದ ಹಳೆಯ ಬಲ್ಬುಗಳನ್ನು ಹಂತಹಂತವಾಗಿ ತೆಗೆದಾಗ ಓವನ್ನಿನೊಳಗಿನ ಬಲ್ಬು, ಬಿಸಿಗೆಂದೇ ಇರುವ ದೀಪ ಮುಂತಾದವಕ್ಕೆ ವಿನಾಯಿತಿ ಬರೆದಿಟ್ಟರು. ನಮ್ಮಲ್ಲಿ ಅಂಥ ವಿಚಾರ ನಡೆದದ್ದು ನನಗೆ ಗೊತ್ತಿಲ್ಲ. ನಿಷೇಧ ಇರಲಿ, ಇಲ್ಲದಿರಲಿ, ಗುಂಡು ಬಲ್ಬು ಕೇಳುವವರು ಕಡಿಮೆಯಾದ ಮೇಲೆ ಅಂಗಡಿಯವರು ತರಿಸುವುದನ್ನೇ ಬಿಡುತ್ತಾರೆ. ಮಲೆನಾಡಿನ ಸೊಸೈಟಿಗಳು ಮಳೆಗಾಲಕ್ಕೆ ಮುಂಚೆ ಜೀರೋ ಬಲ್ಬನ್ನು ಬಲೆಯ ಸಮೇತ ತರಿಸಿ, ಎಷ್ಟು ತಾಸು ಹಚ್ಚಬೇಕೆಂದು ಡಬ್ಬದ ಮೇಲೆಯೇ ಅಚ್ಚು ಹಾಕಿ ಮಾರಲಿ. ಪಡಸಾಲೆಗೆ, ಅಡುಗೆಮನೆಗೆ ಎಲ್‌ಇಡಿ ಇದ್ದೇ ಇದೆ.